ಮೀಡಿಯಂ ಫಾರ್ಮ್ಯಾಟ್ ಲ್ಯಾಂಡ್‌ಸ್ಕೇಪ್: ನಿಮ್ಮ ಬ್ಯಾಗಿನಲ್ಲಿ ಉಳಿದುಕೊಂಡ ಲೆನ್ಸ್ ಯಾವುದು, ಯಾಕೆ?

ಬೆಟ್ಟದಂಚು

ಫೋಟೊ ಹಾಕಿ, ಜೊತೆಗೆ ಆ ಲೆನ್ಸ್ ಬಯಲಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ನಾಲ್ಕು ಸಾಲು ಬರೆಯಿರಿ. ಒಳಗೆ ಎಷ್ಟು ಗಾಜು, ಯಾವ ಕೋಟಿಂಗ್ ಅನ್ನುವುದು ಬೇಡ. ಅದೆಲ್ಲ ಕಂಪನಿಯ ಪುಟದಲ್ಲೇ ಇರುತ್ತದೆ. ಗಾಳಿ, ಮಂಜು, ಎದುರುಬಿಸಿಲು ಇದ್ದಾಗ ಏನಾಯಿತು ಅನ್ನುವುದು ಬೇಕು.

ನಾನೇ ಶುರು ಮಾಡುತ್ತೇನೆ. ಬಾಡಿ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್. ಮಾಮೂಲಿ ಫುಲ್ ಫ್ರೇಮ್ (35 ಮಿಮೀ) ಕ್ಯಾಮೆರಾಗಿಂತ ಸೆನ್ಸರ್ ದೊಡ್ಡದು, ಅದಕ್ಕೇ ಮೀಡಿಯಂ ಫಾರ್ಮ್ಯಾಟ್ ಅನ್ನುವುದು. ಜಿಎಫ್ ಅಂದರೆ ಅದರ ಲೆನ್ಸ್ ಸರಣಿ.

ಮೊದಲ ಚಿತ್ರ: ಒಂದರ ಹಿಂದೊಂದು ಬೆಟ್ಟದ ಸಾಲು, ನಡುವೆ ಮಂಜು. ಜಿಎಫ್ 100-200, ಸುಮಾರು 180 ಮಿಮೀಯಲ್ಲಿ, ಎಫ್/8 (ಬೆಳಕು ಬರುವ ತೂತಿನ, ಅಂದರೆ ಅಪರ್ಚರ್‌ನ ಅಳತೆ; ಸಂಖ್ಯೆ ದೊಡ್ಡದಾದಷ್ಟು ತೂತು ಸಣ್ಣದು). ಈ ಲೆನ್ಸ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಎಫ್/5.6 ಅಂತ ನೋಡಿದ ಕೂಡಲೇ ಮೂಗು ಮುರಿಯುತ್ತಾರೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಎಫ್/2.8 ಕಟ್ಟಿಕೊಂಡು ಏನು ಮಾಡುವುದು? ಫುಲ್ ಫ್ರೇಮ್ ಲೆಕ್ಕದಲ್ಲಿ ಇದು 79-158 ಮಿಮೀ ಆಗುತ್ತದೆ. ಮಂಜಿನ ಪದರಗಳನ್ನು ಒತ್ತಿ ಹತ್ತಿರ ತರುವುದಕ್ಕೆ ಸರಿಯಾದ ಅಳತೆ.

ಎರಡನೇ ಚಿತ್ರ: ಕಾಲ ಬುಡದಲ್ಲೇ ಹೊಳೆಯ ಕಲ್ಲುಗಳು, ಹಿಂದೆ ಬೆಟ್ಟ. ಜಿಎಫ್ 32-64, 32ರಲ್ಲಿ, ಎಫ್/16. ಇದು ಸಮಾಧಾನ ತಂದಿಲ್ಲ. ಮುಂದಿನ ಕಲ್ಲು ಚೆನ್ನಾಗಿದೆ, ಬೆಟ್ಟದ ಮೇಲಿನ ಮರಗಳು ಮಾತ್ರ ಕಲಸಿದ ಹಾಗಿವೆ. ಝೂಮ್ ಅಂದಮೇಲೆ ಇಷ್ಟೇನಾ? ಮಾರಿ 23 ಅಥವಾ 45ರ ಪ್ರೈಮ್ (ಝೂಮ್ ಆಗದ ಲೆನ್ಸ್) ತಗೊಳ್ಳಬೇಕಾ ಅಂತ ಯೋಚನೆ ಬರುತ್ತಿದೆ.

ಮೂರ್ಕಾಲು

ಮೊದಲ ಚಿತ್ರ ಬಹಳ ಹಿಡಿಸಿತು. ಮೂರನೇ ಸಾಲಿನ ಬೆಟ್ಟದ ಮೇಲೆ ಬಿದ್ದಿರುವ ಬೆಳಕು ಇನ್ನು ಸ್ವಲ್ಪ ಹೊತ್ತು ಕಾದಿದ್ದರೆ ಇರುತ್ತಿರಲಿಲ್ಲ ಅನಿಸುತ್ತದೆ.

ಎರಡನೆಯದರ ಬಗ್ಗೆ: ದಯವಿಟ್ಟು ಲೆನ್ಸ್ ಮಾರಬೇಡಿ. ಫೋಕಸ್ ಎಲ್ಲಿಟ್ಟಿದ್ದಿರಿ? ಹೈಪರ್‌ಫೋಕಲ್ ಪಟ್ಟಿ (ಹತ್ತಿರದಿಂದ ಅತಿ ದೂರದವರೆಗೆ ಸ್ಪಷ್ಟ ಬರಲು ಎಷ್ಟು ದೂರಕ್ಕೆ ಫೋಕಸ್ ಇಡಬೇಕು ಅಂತ ಹೇಳುವ ಪಟ್ಟಿ) ನೋಡಿ ಇಟ್ಟಿದ್ದರೆ ಎಡವಟ್ಟು ಅಲ್ಲೇ ಇದೆ.

ಆ ಪಟ್ಟಿಗಳು ಫಿಲ್ಮ್ ಕಾಲದವು. 0.03 ಮಿಮೀ ಮಸುಕನ್ನು ಕಣ್ಣು ಕ್ಷಮಿಸುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು. 32 ಮಿಮೀ, ಎಫ್/11ಕ್ಕೆ ಹಾಗೆ ಲೆಕ್ಕ ಹಾಕಿದರೆ ಸುಮಾರು 3 ಮೀಟರ್ ಬರುತ್ತದೆ. ನಿಮ್ಮ ಸೆನ್ಸರ್‌ನ ಒಂದು ಪಿಕ್ಸೆಲ್ 3.76 ಮೈಕ್ರಾನ್. ಎರಡು ಪಿಕ್ಸೆಲ್‌ಗಿಂತ ಜಾಸ್ತಿ ಮಸುಕು ಬೇಡ ಅಂದರೆ 0.0075 ಮಿಮೀ ಇಟ್ಟು ಲೆಕ್ಕ ಹಾಕಬೇಕು. ಆಗ ಅದೇ ಲೆನ್ಸ್, ಅದೇ ಅಪರ್ಚರ್‌ಗೆ 12 ಮೀಟರ್ ದಾಟುತ್ತದೆ. ಅಂದರೆ 3 ಮೀಟರ್‌ಗೆ ಫೋಕಸ್ ಇಟ್ಟರೆ ನಿಮ್ಮ ಬೆಟ್ಟ ಸುಮಾರು ಎಂಟು ಪಿಕ್ಸೆಲ್ ಅಗಲದ ಮಸುಕಿನಲ್ಲಿ ಕೂತಿರುತ್ತದೆ. ಲೆನ್ಸ್ ಏನು ಮಾಡಬೇಕು ಪಾಪ?

ಇನ್ನು ಎಫ್/16. ಅಲ್ಲಿ ಡಿಫ್ರಾಕ್ಷನ್ (ಸಣ್ಣ ತೂತಿನಲ್ಲಿ ಬೆಳಕು ಹರಡುವುದು) ಚುಕ್ಕೆಯ ಅಗಲ ಸುಮಾರು 21 ಮೈಕ್ರಾನ್, ಹತ್ತಿರ ಹತ್ತಿರ ಆರು ಪಿಕ್ಸೆಲ್. ಎಫ್/8ರಲ್ಲಿ ಅದರ ಅರ್ಧ. ಆದರೆ ಡಿಫ್ರಾಕ್ಷನ್ ಇಡೀ ಫ್ರೇಮನ್ನು ಒಂದೇ ಸಮ ಮೆತ್ತಗೆ ಮಾಡುತ್ತದೆ. ಕಲ್ಲು ಬಿಟ್ಟು ಬೆಟ್ಟವನ್ನು ಮಾತ್ರ ಹಿಡಿಯುವುದಿಲ್ಲ. ಹಾಗಾಗಿ ನನ್ನ ಅನುಮಾನ ಫೋಕಸ್ ಮೇಲೇ.

ಒಂದು ಕೆಲಸ ಮಾಡಿ. ಅದೇ ಲೆನ್ಸ್, 32ರಲ್ಲಿ, ಎಫ್/8, ಬೆಟ್ಟದ ಮೇಲೆ ಲೈವ್ ವ್ಯೂ ಹಿಗ್ಗಿಸಿ ಕೈಯಲ್ಲೇ ಫೋಕಸ್. ಟ್ರೈಪಾಡ್ ಮೇಲೆ ಐಬಿಸ್ (ಬಾಡಿಯೊಳಗಿನ ನಡುಕ ತಡೆ) ಆಫ್, ಎರಡು ಸೆಕೆಂಡ್ ಟೈಮರ್. ಆಮೇಲೆ ಮಾತಾಡೋಣ.

120ರೋಲ್

ನೀವು ಪಿಕ್ಸೆಲ್ ಎಣಿಸುತ್ತಾ ಇರಿ, ನಾನು ಸುಮ್ನೆ ಒಂದು ಸ್ಲೈಡ್ ಹಾಕಿ ಹೋಗುತ್ತೇನೆ.

ಪೆಂಟಾಕ್ಸ್ 67 ಫಿಲ್ಮ್ ಕ್ಯಾಮೆರಾ, 55 ಮಿಮೀ ಎಫ್/4, ವೆಲ್ವಿಯಾ 50 ಸ್ಲೈಡ್ ಫಿಲ್ಮ್. ಎಫ್/22. ಹೌದು, ಎಫ್/22! ಲೈಟ್ ಟೇಬಲ್ ಮೇಲಿಟ್ಟು ಲೂಪ್‌ನಲ್ಲಿ ನೋಡಿದರೆ ಹುಲ್ಲಿನಿಂದ ಬಂಡೆಯವರೆಗೆ ಎಲ್ಲವೂ ಇದೆ. 6×7 ಫ್ರೇಮ್ ದೊಡ್ಡದು, ಪ್ರಿಂಟ್‌ಗೆ ಕಡಿಮೆ ಹಿಗ್ಗಿಸಿದರೆ ಸಾಕು. ಅದಕ್ಕೇ ಅಷ್ಟು ಮುಚ್ಚಿದರೂ ನಡೆಯುತ್ತದೆ.

ಮುಸ್ಸಂಜೆಯ ಫೋಟೊ ಆದ್ದರಿಂದ ಎಕ್ಸ್‌ಪೋಷರ್ 16 ಸೆಕೆಂಡ್ ಬಂತು. ಹೊಸದಾಗಿ ಫಿಲ್ಮ್ ಹಿಡಿದವರಿಗೆ ಒಂದು ಮಾತು. ವೆಲ್ವಿಯಾ 50 ಒಂದು ಸೆಕೆಂಡ್ ದಾಟಿದ ಮೇಲೆ ಬೆಳಕಿನ ಮೀಟರ್ ಮಾತು ಕೇಳುವುದಿಲ್ಲ. 16 ಸೆಕೆಂಡ್‌ಗೆ ಮುಕ್ಕಾಲು ಸ್ಟಾಪ್‌ಗೆ ಸ್ವಲ್ಪ ಕಡಿಮೆ ಸೇರಿಸಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). ಹಸಿರು ಏರುತ್ತದೆ, ಅದಕ್ಕೆ ಮಜೆಂಟಾ ಫಿಲ್ಟರ್ ಬೇಕು. 64 ಸೆಕೆಂಡ್ ಬೇಡವೇ ಬೇಡ ಅಂತ ಫ್ಯೂಜಿಯವರೇ ಹೇಳುತ್ತಾರೆ. ಉದ್ದ ಎಕ್ಸ್‌ಪೋಷರ್ ಬೇಕಾದರೆ ಪ್ರೊವಿಯಾ 100ಎಫ್ ಹಾಕಿ, 128 ಸೆಕೆಂಡ್‌ವರೆಗೆ ಏನೂ ಸೇರಿಸಬೇಕಾಗಿಲ್ಲ.

ಈ ಕ್ಯಾಮೆರಾದ ಕನ್ನಡಿ ಏಳುವ ಹೊಡೆತ ಗೊತ್ತಲ್ಲ. ಮೊದಲ ಬಾಡಿಗಳಲ್ಲಿ ಮಿರರ್ ಲಾಕಪ್ (ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ವ್ಯವಸ್ಥೆ) ಇರಲಿಲ್ಲ. ಕೊಳ್ಳುವವರು ಅದು ಇರುವ ಬಾಡಿಯನ್ನೇ ಹುಡುಕಿ. ಅರ್ಧ ಸೆಕೆಂಡ್‌ನಿಂದ ಮೂವತ್ತನೇ ಒಂದು ಸೆಕೆಂಡ್‌ವರೆಗಿನ ಶಟರ್ ವೇಗಗಳಲ್ಲೇ ಅದರ ಉಪಯೋಗ ಜಾಸ್ತಿ. 16 ಸೆಕೆಂಡ್‌ಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಚೌಕಟ್ಟು66

ರೋಲ್ ಅವರೇ, ಸ್ಲೈಡ್ ಸ್ಕ್ಯಾನ್ ಆದಮೇಲೂ ಇಷ್ಟು ಬಣ್ಣ ಉಳಿದಿದೆ ಅಂದರೆ ಮೂಲ ಹೇಗಿರಬೇಡ. 105 ಮಿಮೀ ಎಫ್/2.4 ಇದೆಯಾ ನಿಮ್ಮ ಹತ್ತಿರ? ಪೆಂಟಾಕ್ಸ್‌ನ ಹಳೇ ತಕುಮಾರ್ ಲೆನ್ಸ್‌ಗಳ ಗಾಜು ಹಳದಿ ತಿರುಗುತ್ತದೆ ಅನ್ನುತ್ತಾರಲ್ಲ.

ನನ್ನದು ಹ್ಯಾಸಲ್‌ಬ್ಲಾಡ್ 500ಸಿ/ಎಂ, ಚೌಕ ಫ್ರೇಮಿನ ಫಿಲ್ಮ್ ಕ್ಯಾಮೆರಾ. ಹಾಕಿರುವ ಚಿತ್ರ ಕೆರೆ, ನೀರಲ್ಲಿ ನಿಂತ ಒಣಮರ. 80ರ ಪ್ಲಾನಾರ್, ಎಫ್/11. ಚೌಕದಲ್ಲಿ ಲ್ಯಾಂಡ್‌ಸ್ಕೇಪ್ ಆಗುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ಆಗುತ್ತದೆ, ಆದರೆ ದಿಗಂತವನ್ನು ಮೂರರಲ್ಲಿ ಒಂದು ಪಾಲಿಗೆ ಇಡುವ ಚಾಳಿ ಬಿಡಬೇಕು. ಚೌಕದಲ್ಲಿ ನಡುವೆ ಇಟ್ಟರೂ ನಿಲ್ಲುತ್ತದೆ. ಫೋಟೊಗ್ರಾಫರ್ ಮೈಕೆಲ್ ಕೆನ್ನಾ ಕೆಲಸ ನೋಡಿ.

ಲ್ಯಾಂಡ್‌ಸ್ಕೇಪ್ ಅಂದರೆ ವೈಡ್ ಅನ್ನುವುದನ್ನೂ ಒಪ್ಪುವುದಿಲ್ಲ. ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ 1960ರಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆಯ ಮೇಲಿನ ಚಂದ್ರನನ್ನು ತೆಗೆದದ್ದು ಹ್ಯಾಸಲ್‌ಬ್ಲಾಡ್‌ನಲ್ಲಿ, 250ರ ಸೊನ್ನಾರ್ ಹಾಕಿ. ವೈಡ್ ಹಾಕಿದ್ದರೆ ಚಂದ್ರ ಒಂದು ಸಾಸಿವೆ ಕಾಳು.

120ರೋಲ್

105 ಇದೆ, ಹಳದಿಯೂ ಇದೆ. ಅದರಲ್ಲಿ ಥೋರಿಯಂ ಬೆರೆತ ಗಾಜು ಇರುವುದರಿಂದ ವರ್ಷಗಳು ಕಳೆದಂತೆ ಬಣ್ಣ ಏರುತ್ತದೆ. ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಹುಪಾಲು ಇಳಿಯುತ್ತದೆ. ಬಿಸಿಲಲ್ಲೂ ಆಗುತ್ತದೆ, ಆದರೆ ಲೆನ್ಸ್ ಕಾಯದ ಹಾಗೆ ನೋಡಿಕೊಳ್ಳಿ. ಕಪ್ಪು ಬಿಳುಪಿಗೆ ನಾನು ಹಾಗೇ ಬಳಸುತ್ತೇನೆ. ತೆಳು ಹಳದಿ ಫಿಲ್ಟರ್ ಪುಕ್ಕಟೆ ಸಿಕ್ಕಂತಾಯಿತು, ಅಲ್ವಾ?

ಬೆಟ್ಟದಂಚು

ಮೂರ್ಕಾಲು ಸರ್, ನೀವು ಹೇಳಿದ ಹಾಗೆ ತೆಗೆದು ನೋಡಿದೆ. ಎಫ್/8, ಬೆಟ್ಟದ ಮೇಲೆ ಫೋಕಸ್. ಮರದ ಕೊಂಬೆ ಕೊಂಬೆ ಕಾಣುತ್ತಿದೆ, ಮೂಲೆಯವರೆಗೆ. ಇದೇ ಲೆನ್ಸಾ ಅನಿಸಿತು.

ಈಗ ಇನ್ನೊಂದು ತಲೆನೋವು. ಕಲ್ಲು ಕ್ಯಾಮೆರಾದಿಂದ ಹೆಚ್ಚೆಂದರೆ ಒಂದು ಮೀಟರ್. ಬೆಟ್ಟ ಬೇಕೆಂದರೆ ಕಲ್ಲು ಹೋಗುತ್ತದೆ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ದೂರಕ್ಕೆ ಫೋಕಸ್ ಇಟ್ಟ ಫ್ರೇಮ್‌ಗಳನ್ನು ಸೇರಿಸುವುದು) ಬಿಟ್ಟರೆ ದಾರಿ ಇಲ್ಲವಾ? ಪಕ್ಕದಲ್ಲಿ ಹುಲ್ಲು ಅಲ್ಲಾಡುತ್ತಿರುತ್ತದೆ. ಸ್ಟ್ಯಾಕ್ ಮಾಡಿದರೆ ಒಂದೊಂದು ಎಸಳಿಗೆ ಎರಡೆರಡು ನೆರಳು ಬರುತ್ತದೆ.

ಗಾಜಿನಹುಚ್ಚು

ಟಿಲ್ಟ್! ಇಷ್ಟು ಹೊತ್ತು ಯಾರೂ ಈ ಮಾತು ಎತ್ತದೇ ಇದ್ದದ್ದೇ ಆಶ್ಚರ್ಯ. ಲೆನ್ಸನ್ನೇ ಬಗ್ಗಿಸಿ ಫೋಕಸ್ ಓರೆ ಮಾಡುವುದು ಟಿಲ್ಟ್, ಪಕ್ಕಕ್ಕೋ ಮೇಲಕ್ಕೋ ಜಾರಿಸುವುದು ಶಿಫ್ಟ್.

ಜಿಎಫ್ 30 ಟಿಲ್ಟ್-ಶಿಫ್ಟ್ 2023ರಲ್ಲಿ ಬಂತು. ಟಿಲ್ಟ್ ಅಂದರೆ ಭಾರೀ ಬಗ್ಗಿಸಬೇಕು ಅಂತ ಜನ ತಿಳಿದಿರುತ್ತಾರೆ. ಲೆಕ್ಕ ನೋಡಿ: ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ, ನೆಲದ ಮೇಲೇ ಫೋಕಸ್ ಹಾಸಬೇಕು ಅಂದುಕೊಳ್ಳಿ. ಫೋಕಲ್ ಲೆಂತ್ 30 ಮಿಮೀಯನ್ನು 1500 ಮಿಮೀಯಿಂದ ಭಾಗಿಸಿದರೆ 0.02. ಅದು ಟಿಲ್ಟ್ ಕೋನದ ಸೈನ್. ಕೋನ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟಕ್ಕೇ ಕಾಲ ಬುಡದ ಕಲ್ಲಿನಿಂದ ಬೆಟ್ಟದ ಬುಡದವರೆಗೆ ಫೋಕಸ್ ಹಾಸುತ್ತದೆ, ಎಫ್/8ರಲ್ಲೇ. ಮೊದಲ ಸಲ ಬಳಸುವವರು ನಾಲ್ಕೈದು ಡಿಗ್ರಿ ತಿರುಗಿಸಿ, ಏನೂ ಸರಿಯಾಗುತ್ತಿಲ್ಲ ಅಂತ ಕೈಬಿಡುತ್ತಾರೆ.

ತೊಡಕೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫೋಕಸ್ ಒಂದು ಹಾಳೆಯ ಹಾಗೆ ನೆಲದ ಮೇಲೆ ಮಲಗುತ್ತದೆ. ಹತ್ತಿರದಲ್ಲಿ ಎತ್ತರದ ಮರ ಇದ್ದರೆ ಅದರ ತುದಿ ಆ ಹಾಳೆಯಿಂದ ಹೊರಗೆ ಬೀಳುತ್ತದೆ. ದೂರ ಹೋದಂತೆ ಫೋಕಸ್‌ನ ದಪ್ಪ ಹೆಚ್ಚುತ್ತದೆ, ಆದ್ದರಿಂದ ದೂರದ ಬೆಟ್ಟದ ನೆತ್ತಿ ಸಾಮಾನ್ಯವಾಗಿ ಪಾರಾಗುತ್ತದೆ. ಬಯಲು, ಹೊಳೆ, ಮರಳದಂಡೆಗೆ ಟಿಲ್ಟ್. ಕಾಡಿನ ಒಳಗೆ ಬೇಡ.

ನನ್ನ ಚಿತ್ರ ಆ ಲೆನ್ಸಿನದಲ್ಲ. ಪೆಂಟಾಕ್ಸ್ 67ರ 45 ಮಿಮೀ ಎಫ್/4 ಅನ್ನು ಟಿಲ್ಟ್-ಶಿಫ್ಟ್ ಅಡಾಪ್ಟರ್ ಮೂಲಕ ಜಿಎಫ್‌ಎಕ್ಸ್‌ಗೆ ಹಾಕಿದ್ದು. ಪೆಂಟಾಕ್ಸ್ 67ರ ಫ್ಲಾಂಜ್ ದೂರ (ಲೆನ್ಸ್ ಕೂರುವ ಅಂಚಿನಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗಿನ ದೂರ) ಸುಮಾರು 85 ಮಿಮೀ, ಜಿಎಫ್‌ಎಕ್ಸ್‌ದು 26.7. ನಡುವೆ 58 ಮಿಮೀ ಖಾಲಿ ಜಾಗ. ಅಲ್ಲಿ ಬಗ್ಗುವ, ಜಾರುವ ಯಂತ್ರ ಆರಾಮಾಗಿ ಕೂರುತ್ತದೆ. 6×7 ಫ್ರೇಮ್ ತುಂಬಿಸುವ ಲೆನ್ಸ್ ಆದ್ದರಿಂದ ಎಷ್ಟು ಶಿಫ್ಟ್ ಮಾಡಿದರೂ ಮೂಲೆ ಕಪ್ಪಾಗುವುದಿಲ್ಲ. ಕೊರತೆ ಒಂದೇ: 45 ಮಿಮೀ ಇಲ್ಲಿ 35ರಷ್ಟೇ ಕಾಣುತ್ತದೆ. ಫಿಶ್‌ಐ ಬಿಟ್ಟರೆ ಆ ಸರಣಿಯಲ್ಲಿ ಅದಕ್ಕಿಂತ ವೈಡ್ ಇಲ್ಲ.

ಹೊಸಬ44

ಮಾಮಿಯಾ ಆರ್‌ಬಿ67 ಲೆನ್ಸ್‌ಗಳನ್ನೂ ಹೀಗೆ ಹಾಕಬಹುದಾ? ಮನೆಯಲ್ಲಿ ಒಂದು ಸೆಟ್ ಸುಮ್ನೆ ಬಿದ್ದಿದೆ.

ಗಾಜಿನಹುಚ್ಚು

ಹಾಕಬಹುದು, ಆದರೆ ಆ ಲೆನ್ಸ್‌ಗಳಲ್ಲಿ ಫೋಕಸ್ ರಿಂಗ್ ಇಲ್ಲ. ಫೋಕಸ್ ಬಾಡಿಯ ಬೆಲ್ಲೋಸ್‌ನಲ್ಲಿ (ಹಿಗ್ಗಿ ಕುಗ್ಗುವ ತಿದಿ) ಆಗುತ್ತಿತ್ತು. ಹೆಲಿಕಾಯ್ಡ್ (ತಿರುಗಿಸಿ ಫೋಕಸ್ ಮಾಡುವ ಭಾಗ) ಇರುವ ಅಡಾಪ್ಟರ್ ಬೇಕು. ಶಟರ್ ಕೂಡ ಲೆನ್ಸ್ ಒಳಗೇ ಇದೆ, ಅದನ್ನು ತೆರೆದಿಟ್ಟುಕೊಳ್ಳುವ ವ್ಯವಸ್ಥೆ ನೋಡಿಕೊಳ್ಳಿ. ತೂಕವನ್ನೂ ಯೋಚಿಸಿ. ಇದಕ್ಕಿಂತ ಆ ಬಾಡಿಯನ್ನೇ ಹುಡುಕಿ ಫಿಲ್ಮ್ ಹಾಕುವುದು ಸುಲಭ.

ಎಲೆಶಟರ್

ಅಡಾಪ್ಟರ್ ಮಾತು ಬಂದದ್ದರಿಂದ ಹ್ಯಾಸಲ್‌ಬ್ಲಾಡ್ ಎಕ್ಸ್ ಇಟ್ಟುಕೊಂಡವರಿಗೆ ಎಚ್ಚರಿಕೆ. ನನ್ನದು ಎಕ್ಸ್2ಡಿ. ಈ ಬಾಡಿಯಲ್ಲಿ ಶಟರ್ ಇಲ್ಲ, ಎಕ್ಸ್‌ಸಿಡಿ ಲೆನ್ಸ್ ಒಳಗಿದೆ. ಹಳೇ ಮ್ಯಾನುಯಲ್ ಲೆನ್ಸನ್ನು ಅಡಾಪ್ಟರ್ ಮೂಲಕ ಹಾಕಿದರೆ ಉಳಿಯುವುದು ಎಲೆಕ್ಟ್ರಾನಿಕ್ ಶಟರ್ ಮಾತ್ರ. 100 ಮೆಗಾಪಿಕ್ಸೆಲ್ ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದಿ ಮುಗಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಗಾಳಿಗೆ ಹುಲ್ಲು ಬಾಗಿ ನೆಟ್ಟಗಾಗಿರುತ್ತದೆ. ಚಿತ್ರದಲ್ಲಿ ಎಸಳು ಸೊಟ್ಟ ಸೊಟ್ಟ. ಬಂಡೆ, ಮರಳುಗುಡ್ಡಕ್ಕೆ ತೊಂದರೆ ಇಲ್ಲ.

ಹಾಕಿರುವ ಚಿತ್ರ ಎಕ್ಸ್‌ಸಿಡಿ 38ವಿ, ಐಎಸ್‌ಒ 64. ಸೂರ್ಯ ಫ್ರೇಮ್ ಒಳಗೇ ಇದ್ದಾನೆ. ನೆರಳಿನ ಭಾಗವನ್ನು ಮೂರು ಸ್ಟಾಪ್ ಎತ್ತಿದ್ದೇನೆ, ಗ್ರಾಜುಯೇಟೆಡ್ ಫಿಲ್ಟರ್ (ಆಕಾಶದ ಭಾಗವನ್ನಷ್ಟೇ ಮಬ್ಬು ಮಾಡುವುದು) ಹಾಕಿಲ್ಲ. ಈಗ ಬ್ಯಾಗಿನಲ್ಲಿ ಆ ಫಿಲ್ಟರ್‌ಗಳಿಗೆ ಜಾಗವೇ ಇಲ್ಲ. ಪೋಲರೈಸರ್ ಮಾತ್ರ ಇದೆ. ಒದ್ದೆ ಕಲ್ಲು, ಒದ್ದೆ ಎಲೆ ಮೇಲಿನ ಹೊಳಪು ತೆಗೆಯುವುದು ಕಂಪ್ಯೂಟರ್‌ನಲ್ಲಿ ಆಗದ ಕೆಲಸ. ಜಿಎಫ್ 23ರಂಥ ನೂರು ಡಿಗ್ರಿ ನೋಟದ ಲೆನ್ಸ್‌ಗೆ ಪೋಲರೈಸರ್ ಹಾಕಿ ಆಕಾಶ ತೆಗೆಯಬೇಡಿ, ನಡುವೆ ಕಡುನೀಲಿ ಪಟ್ಟೆ ಬರುತ್ತದೆ.

ಮೂರ್ಕಾಲು

ಟಿಲ್ಟ್ ಚೆಂದ, ಒಪ್ಪುತ್ತೇನೆ. ಆದರೆ ಬೆಟ್ಟದಂಚು ಅವರ ಹತ್ತಿರ ಆ ಲೆನ್ಸ್ ಇಲ್ಲ, ಹುಲ್ಲಿಗೆ ಸ್ಟ್ಯಾಕಿಂಗ್ ಒಗ್ಗುವುದಿಲ್ಲ. ಹಳಬರು ಬಳಸುತ್ತಿದ್ದ ಇನ್ನೊಂದು ದಾರಿ ಇದೆ. ಇವತ್ತು ಯಾಕೋ ಯಾರೂ ಹೇಳಿಕೊಡುವುದಿಲ್ಲ.

ಅನಂತಕ್ಕೆ, ಅಂದರೆ ಅತಿ ದೂರಕ್ಕೆ ಫೋಕಸ್ ಇಡಿ. ಆಗ ಮುಂದಿರುವ ವಸ್ತು ಎಷ್ಟು ಮಸುಕಾಗುತ್ತದೆ ಅನ್ನುವುದಕ್ಕೆ ಬಹಳ ಸರಳ ಲೆಕ್ಕ ಇದೆ: ಅಪರ್ಚರ್ ತೂತಿನ ಅಗಲ ಎಷ್ಟೋ ಅಷ್ಟು. ಒಂದು ಮೀಟರ್ ದೂರ ಇರಲಿ, ಹತ್ತು ಮೀಟರ್ ಇರಲಿ, ಅದೇ ಅಳತೆ. 32 ಮಿಮೀ ಲೆನ್ಸ್ ಎಫ್/8ರಲ್ಲಿ ತೂತು 4 ಮಿಮೀ. ಎಫ್/11ರಲ್ಲಿ 3 ಮಿಮೀಗಿಂತ ಸ್ವಲ್ಪ ಕಡಿಮೆ. ಅದಕ್ಕಿಂತ ದೊಡ್ಡದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ, ಸಣ್ಣದು ಕಲಸಿಹೋಗುತ್ತದೆ.

ಈಗ ನಿಮ್ಮ ಮುಂದೆ ಏನಿದೆ ನೋಡಿ. ಮುಷ್ಟಿ ಗಾತ್ರದ ನಯವಾದ ಹೊಳೆಗಲ್ಲು. ಅಂಚು ಕಂಡರೆ ಸಾಕು, ಅದರಲ್ಲಿ 3 ಮಿಮೀಗಿಂತ ಸಣ್ಣ ವಿವರವೇ ಹೆಚ್ಚಿಲ್ಲ. ಫೋಕಸ್ ಬೆಟ್ಟಕ್ಕೆ ಇಟ್ಟುಬಿಡಿ, ಎಫ್/11, ಒಂದೇ ಫ್ರೇಮ್. ಅದೇ ಜಾಗದಲ್ಲಿ ಪಾಚಿಯೋ ಕಲ್ಲುಹೂವೋ ಇದ್ದರೆ ಈ ಲೆಕ್ಕ ಕೈಕೊಡುತ್ತದೆ. ಆಗ ಟಿಲ್ಟ್ ಅಥವಾ ಸ್ಟ್ಯಾಕ್.

ಹೈಪರ್‌ಫೋಕಲ್ ದೂರ ಒಂದನ್ನೇ ಕೇಳುತ್ತದೆ. ಈ ಲೆಕ್ಕ ವಸ್ತುವಿನ ಗಾತ್ರ ಕೇಳುತ್ತದೆ. ಲ್ಯಾಂಡ್‌ಸ್ಕೇಪ್‌ಗೆ ಅದೇ ಬೇಕಾದದ್ದು.

120ರೋಲ್

ಇದನ್ನು ಒಪ್ಪುವುದಿಲ್ಲ ಸರ್. ಪ್ರಿಂಟ್ ನೋಡುವವರು ಮೊದಲು ಬಗ್ಗಿ ನೋಡುವುದು ಮುಂದಿನ ಕಲ್ಲನ್ನೇ. ಅದು ಮೆತ್ತಗಿದ್ದರೆ ಮುಗಿಯಿತು. ದೂರದ ಬೆಟ್ಟ ಸ್ವಲ್ಪ ಮಸುಕಾಗಿದ್ದರೆ ಹವೆಯೇ ಹಾಗಿತ್ತು ಅಂತ ಕಣ್ಣು ಒಪ್ಪಿಕೊಳ್ಳುತ್ತದೆ.

ಮೂರ್ಕಾಲು

ಮಂಜಿದ್ದರೆ ನಿಮ್ಮ ಮಾತು ನಿಜ. ಹವೆ ತಿಳಿಯಾಗಿದ್ದಾಗ ಬೆಟ್ಟದ ಮೇಲೆ ಸಾವಿರಾರು ಸಣ್ಣ ಮರ ಇರುತ್ತದೆ, ಒಂದೊಂದೂ ಕೆಲವೇ ಪಿಕ್ಸೆಲ್. ಅಲ್ಲಿ ತಪ್ಪಿದರೆ ಇಡೀ ಗುಡ್ಡ ಹಸಿರು ಪೇಸ್ಟ್ ಆಗುತ್ತದೆ. ಕಲ್ಲು ಸ್ವಲ್ಪ ತಪ್ಪಿದರೂ ಕಲ್ಲಾಗಿಯೇ ಇರುತ್ತದೆ.

ಚೌಕಟ್ಟು66

ಇಬ್ಬರೂ ಬೇರೆ ಬೇರೆ ಫೋಟೊ ಬಗ್ಗೆ ಜಗಳ ಆಡುತ್ತಿದ್ದೀರಿ. ಆಡಿ, ಓದುವುದಕ್ಕೆ ಚೆನ್ನಾಗಿದೆ.

ನನ್ನದೊಂದು ಪ್ರಶ್ನೆ. ಹ್ಯಾಸಲ್‌ಬ್ಲಾಡ್‌ನ ವೈಡ್ ಕ್ಯಾಮೆರಾ ಎಸ್‌ಡಬ್ಲ್ಯುಸಿಯ 38 ಮಿಮೀ ಬಯೋಗಾನ್ ಲೆನ್ಸ್ ಬಳಸುವವರು ಡಿಜಿಟಲ್ ಬ್ಯಾಕ್ (ಫಿಲ್ಮ್ ಜಾಗಕ್ಕೆ ಹಾಕುವ ಸೆನ್ಸರ್ ಪೆಟ್ಟಿಗೆ) ಹಾಕಿದ್ದೀರಾ? ಫಿಲ್ಮ್‌ನಲ್ಲಿ ಅದರ ನೇರ ಗೆರೆ ನೋಡಿದರೆ ಬೇರೆ ವೈಡ್ ಬೇಡ ಅನಿಸುತ್ತದೆ.

ಎಲೆಶಟರ್

ಹಾಕಿದ್ದೇನೆ, 50 ಮೆಗಾಪಿಕ್ಸೆಲ್ ಬ್ಯಾಕ್‌ನಲ್ಲಿ. ಬಯೋಗಾನ್‌ನ ಹಿಂಭಾಗದ ಗಾಜು ಫಿಲ್ಮ್‌ಗೆ ಬಹಳ ಹತ್ತಿರ ಬರುತ್ತದೆ. ಅಂಚಿನ ಕಿರಣಗಳು ತುಂಬಾ ಓರೆಯಾಗಿ ಬೀಳುತ್ತವೆ. ಫಿಲ್ಮ್‌ಗೆ ಅದು ಲೆಕ್ಕಕ್ಕಿಲ್ಲ. ಸೆನ್ಸರ್‌ನಲ್ಲಿ ಒಂದು ಅಂಚು ಕೆಂಪಾಗಿ, ಇನ್ನೊಂದು ಹಸಿರಾಗಿ ಕಾಣಿಸಿತು, ಮೂಲೆಯ ವಿವರವೂ ಕರಗಿತು. ಬಿಳಿ ಅಕ್ರಿಲಿಕ್ ಹಲಗೆಯನ್ನು ಲೆನ್ಸ್ ಮುಂದೆ ಹಿಡಿದು ಒಂದು ಫ್ರೇಮ್ ತೆಗೆದುಕೊಂಡರೆ ಕ್ಯಾಪ್ಚರ್ ಒನ್ ಸಾಫ್ಟ್‌ವೇರ್‌ನಲ್ಲಿ ಬಣ್ಣ ಸರಿಮಾಡಬಹುದು. ವಿವರ ವಾಪಸ್ ಬರುವುದಿಲ್ಲ. ಹೊಸ 100 ಮೆಗಾಪಿಕ್ಸೆಲ್ ಸೆನ್ಸರ್‌ಗಳು ಹಿಂಬದಿಯಿಂದ ಬೆಳಕು ಪಡೆಯುವ ಬಗೆಯವು, ಬಣ್ಣದ ಕಾಟ ಅವುಗಳಲ್ಲಿ ಕಡಿಮೆ. ಅದೂ ಅಲ್ಲದೆ ಬ್ಯಾಕ್‌ನ ಸೆನ್ಸರ್ 44×33, ಫಿಲ್ಮ್ 56×56. ನೀವು ಪ್ರೀತಿಸುವ ಆ ಅಗಲವೇ ಕತ್ತರಿಸಿಹೋಗುತ್ತದೆ. ಫಿಲ್ಮ್‌ನಲ್ಲೇ ಇಟ್ಟುಕೊಳ್ಳಿ.

ಹೊಸಬ44

ನಾನೂ ಒಂದು ಹಾಕುತ್ತೇನೆ, ಬಯ್ಯಬೇಡಿ. ಜಿಎಫ್‌ಎಕ್ಸ್ 50ಎಸ್, ಜಿಎಫ್ 250, ಮಧ್ಯಾಹ್ನ. ಕಣಿವೆಯಾಚೆಯ ಬಂಡೆಗೋಡೆ. ಶಟರ್ ವೇಗ ಸಾಕಷ್ಟಿತ್ತು, ಫೋಕಸ್ ಸರಿಯಿತ್ತು, ಆದರೂ ಅಂಚುಗಳು ನಡುಗಿದ ಹಾಗಿವೆ. ಸಾಲಾಗಿ ತೆಗೆದ ಫ್ರೇಮ್‌ಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ. ಲೆನ್ಸ್ ಡಿಸೆಂಟರ್ (ಒಳಗಿನ ಗಾಜು ನಡುವಿನಿಂದ ಸರಿದಿರುವುದು) ಆಗಿರಬಹುದಾ?

ಮೂರ್ಕಾಲು

ಬಂಡೆಯ ಗೆರೆಗಳು ಚೆನ್ನಾಗಿ ಬಂದಿವೆ, ಕೆಳಗಿನ ಖಾಲಿ ಕಣಿವೆ ಸ್ವಲ್ಪ ಕತ್ತರಿಸಿ ನೋಡಿ.

ಒಂದೊಂದು ಫ್ರೇಮ್‌ನಲ್ಲಿ ಒಂದೊಂದು ಥರ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಡಿಸೆಂಟರ್ ಆದ ಲೆನ್ಸ್ ಪ್ರತಿ ಸಲವೂ ಒಂದೇ ಕಡೆ ಕೆಡುತ್ತದೆ. ಇದು ಬಿಸಿಗಾಳಿ. ಬಿಸಿಲಿಗೆ ಕಾದ ಕಣಿವೆಯ ಮೇಲೆ ಗಾಳಿ ಕುದಿಯುತ್ತಿರುತ್ತದೆ, ಕಿಲೋಮೀಟರ್‌ಗಟ್ಟಲೆ ಅದರ ಮೂಲಕ ನೋಡಿದರೆ ಯಾವ ಲೆನ್ಸೂ ನಿಲ್ಲುವುದಿಲ್ಲ. ಬೆಳಗ್ಗೆ ನೆಲ ಕಾಯುವ ಮೊದಲು ಹೋಗಿ. ಮೋಡದ ದಿನವೂ ಆದೀತು.

ಡಿಸೆಂಟರ್ ನೋಡಬೇಕಾದರೆ ದೂರದ ಒಂದು ಕಂಬವನ್ನೋ ಮರವನ್ನೋ ಹಿಡಿದು, ನಡುವೆ ಫೋಕಸ್ ಮಾಡಿ ಬೀಗ ಹಾಕಿ. ಆಮೇಲೆ ಅದೇ ಮರವನ್ನು ನಾಲ್ಕೂ ಮೂಲೆಗೆ ತಂದು ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ನಾಲ್ಕೂ ಒಂದೇ ರೀತಿ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ವಾಪಸ್ ಕೊಡಿ. ಇಟ್ಟಿಗೆ ಗೋಡೆ ತೆಗೆದು ಪರೀಕ್ಷೆ ಮಾಡುವವರು ಬಹಳ, ಕ್ಯಾಮೆರಾ ಗೋಡೆಗೆ ಸ್ವಲ್ಪ ಓರೆಯಾಗಿದ್ದರೂ ಲೆನ್ಸ್ ಮೇಲೆ ಅಪವಾದ ಬರುತ್ತದೆ.

ನಡೆಯುವವ

ತಡವಾಗಿ ಬಂದೆ. ತೂಕದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. 32-64 ಲೆನ್ಸ್ 875 ಗ್ರಾಂ, 100-200 ಒಂದು ಕಿಲೋ ದಾಟುತ್ತದೆ. ಜಿಎಫ್ 35-70 ಬರೀ 390 ಗ್ರಾಂ! ಕಿಟ್ ಲೆನ್ಸ್ ಅಂತ ಹೀಗಳೆಯುತ್ತಾರೆ. ಎಫ್/8ರಲ್ಲಿ ಪ್ರಿಂಟ್ ಮಾಡಿದರೆ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಬೆಟ್ಟ ಹತ್ತುವಾಗ ಅರ್ಧ ಕಿಲೋ ಕಡಿಮೆಯಾದರೆ ಟ್ರೈಪಾಡನ್ನು ಮನೆಯಲ್ಲಿ ಬಿಡುವ ಆಸೆ ಬರುವುದಿಲ್ಲ. ಹಾಕಿರುವ ಚಿತ್ರ ಅದರದೇ, 65:24 ಚೌಕಟ್ಟಿನಲ್ಲಿ. ಎಕ್ಸ್‌ಪ್ಯಾನ್ (ಉದ್ದ ಫ್ರೇಮಿನ ಹ್ಯಾಸಲ್‌ಬ್ಲಾಡ್ ಫಿಲ್ಮ್ ಕ್ಯಾಮೆರಾ) ಕೊಳ್ಳಲಾಗದವರ ಎಕ್ಸ್‌ಪ್ಯಾನ್.

ಬೆಟ್ಟದಂಚು

ಹೊಳೆಗೆ ಮತ್ತೆ ಹೋಗಿ ಎರಡೂ ಥರ ತೆಗೆದೆ. ಅನಂತಕ್ಕೆ ಫೋಕಸ್ ಇಟ್ಟ ಎಫ್/11ರ ಫ್ರೇಮನ್ನೇ ಮೇಲೆ ಬದಲಿಸಿ ಹಾಕಿದ್ದೇನೆ. ಹೊಳೆಗಲ್ಲಿಗೆ ಸಾಕಾಗಿದೆ. ಎಡಗಡೆ ಕಲ್ಲಿನ ಮೇಲೆ ಒಣಗಿದ ಪಾಚಿ ಇತ್ತು, ಅದು ಪೂರ್ತಿ ಕಲಸಿದೆ. ರೋಲ್ ಸರ್ ಅದನ್ನೇ ಮೊದಲು ನೋಡುತ್ತಾರೆ ಅಂತ ಗೊತ್ತು.

32-64 ಮಾರುವ ಯೋಚನೆ ಬಿಟ್ಟೆ. ಆದರೆ ಟಿಲ್ಟ್ ತಲೆಗೆ ಹೊಕ್ಕಿದೆ. 110 ಟಿಲ್ಟ್-ಶಿಫ್ಟ್ ಅನ್ನು ಲ್ಯಾಂಡ್‌ಸ್ಕೇಪ್‌ಗೆ ಬಳಸಿದವರು ಇದ್ದೀರಾ? 30ಕ್ಕಿಂತ ನನಗೆ ಆ ಅಳತೆಯೇ ಹತ್ತಿರ.

ಗಾಜಿನಹುಚ್ಚು

ಒಬ್ಬ ಸ್ನೇಹಿತರದನ್ನು ತಂದು ಬಳಸಿದ್ದೇನೆ. ಅದೇ ಒಂದೂವರೆ ಮೀಟರ್ ಎತ್ತರಕ್ಕೆ ಇಲ್ಲಿ ನಾಲ್ಕು ಡಿಗ್ರಿ ದಾಟಿ ಬಗ್ಗಿಸಬೇಕು, 30ರ ಹಾಗೆ ಒಂದು ಡಿಗ್ರಿ ಸಾಲದು. ಫೋಕಸ್ ಹಾಳೆಯೂ ತೆಳ್ಳಗೆ. ಹೂವು ತುಂಬಿದ ಬಯಲನ್ನು ಓರೆಯಾಗಿ ನೋಡುವಾಗ ಅದ್ಭುತ. ಆದರೆ ಮೊದಲು ಟಿಲ್ಟ್, ಆಮೇಲೆ ಫೋಕಸ್, ಮತ್ತೆ ಟಿಲ್ಟ್, ಹೀಗೆ ತಿದ್ದುತ್ತಾ ಹೋಗಬೇಕು. ಅಷ್ಟರಲ್ಲಿ ಬೆಳಕು ಹೋಗಿರುತ್ತದೆ. ಕೊಳ್ಳುವ ಮುಂಚೆ ಎರಡು ದಿನಕ್ಕೆ ಬಾಡಿಗೆಗೆ ತನ್ನಿ, ಗಾಳಿ ಇರುವ ದಿನವೇ ಹೋಗಿ ನೋಡಿ.